ಇಪ್ಪತ್ತಕ್ಕೆ ಇಪ್ಪತ್ತು, ತಲಾ ಐದು

ಹೊಸದಾಗಿ ಮೇಷ್ಟರ ಕೆಲಸಕ್ಕೆ ಸೇರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನೀವು ಶಾಲೆಗೆ ಕಾಲಿಟ್ಟ ವಾರದೊಳಗೆ ಮುಖ್ಯ ಶಿಕ್ಷಕರು ಕರೆದು, ಅಲ್ಲಿ ಯಾರಿಗೂ ಬೇಡವಾದ ಕೆಲಸವೊಂದನ್ನು ನಿಮ್ಮ ತಲೆಗೆ ಕಟ್ಟುತ್ತಾರೆ. ಕೆಲವರಿಗೆ ಶೌಚಾಲಯದ ಬೀಗದ ಕೈ ಸಿಗುತ್ತದೆ, ಕೆಲವರಿಗೆ ಶಾಲಾ ವಾರ್ಷಿಕೋತ್ಸವದ ನೃತ್ಯ. ನನಗೆ ಸಿಕ್ಕಿದ್ದು ರಸಪ್ರಶ್ನೆ.

ಮಳವಳ್ಳಿ ತಾಲ್ಲೂಕಿನಲ್ಲಿ, ಪೂರಿಗಾಲಿ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಶಿಕ್ಷಕಿಯಾಗಿದ್ದೆ. ಮನೆ ಮದ್ದೂರಿನಲ್ಲಿ. ದಿನಾ ಎರಡು ಬಸ್ಸು ಹತ್ತಿ ಇಳಿದು ಹೋಗಿಬರುತ್ತಿದ್ದೆ. ಯಾವಾಗ ಯಾವ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಶಾಲು ಯಾರೂ ಹೊದಿಸಲೇ ಇಲ್ಲ. ಯಾಕೆ ಹೊದಿಸಲಿಲ್ಲ ಎನ್ನುವುದು ಮುಂದೆ ನಿಮಗೇ ತಿಳಿಯುತ್ತದೆ.

ನಾನು ಬರೆಯಲು ಕೂತಿರುವುದು ಒಂದೇ ಸಂಗತಿಗಾಗಿ. ಜಿಲ್ಲಾ ಮಟ್ಟದ ಅಂತಿಮ ಸುತ್ತಿನಲ್ಲಿ ನಮ್ಮ ಶಾಲೆಯ ನಾಲ್ಕು ಮಕ್ಕಳು ಇಪ್ಪತ್ತು ಪ್ರಶ್ನೆಗಳಲ್ಲಿ ಒಂದನ್ನೂ ಎದುರು ತಂಡಕ್ಕೆ ಬಿಡದೆ ಇಪ್ಪತ್ತಕ್ಕೂ ಸರಿ ಉತ್ತರ ಹೇಳಿದರು. ನಾಲ್ವರೂ ತಲಾ ಐದು ಹೇಳಿದ್ದರು. ನನ್ನ ಇಡೀ ಸೇವೆಯಲ್ಲಿ ಅಂಥದ್ದನ್ನು ನಾನು ಇನ್ನೊಮ್ಮೆ ಕಾಣಲಿಲ್ಲ, ಬೇರೆಯವರು ಕಂಡದ್ದನ್ನೂ ಕೇಳಲಿಲ್ಲ. ಅದನ್ನು ಸರ್ಕಾರಿ ಕಾಗದದಿಂದ ಹೊಡೆದುಹಾಕಿದರು. ಅಲ್ಲಿ ಇಲ್ಲದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮುಖ್ಯ ಶಿಕ್ಷಕರು ನಂಜೇಗೌಡರು. ಒರಟು ಮಾತಿನ ಮನುಷ್ಯ. ನಾನು ಮೊದಲ ಸಲ ಮಕ್ಕಳನ್ನು ಸ್ಪರ್ಧೆಗೆ ಕರೆದುಕೊಂಡು ಹೋಗಲು ಅನುಮತಿ ಕೇಳಿದಾಗ ತಲೆ ಎತ್ತದೆ ಹೇಳಿದರು: "ಓಗ್ಬುಟ್ಟು ಬಾರಮ್ಮ. ಆದ್ರೆ ಗೆದ್ಕೊಂಡು ಬತ್ತೀವಿ ಅಂತ ಮಕ್ಕಳಿಗೆ ಆಸೆ ಉಟ್ಟಿಸ್ಬೇಡ. ಅವೆಲ್ಲ ಮಂಡ್ಯದ ಕಾನ್ವೆಂಟ್ ಹುಡುಗ್ರ ಆಟ."

ಆಗೆಲ್ಲ ತರಬೇತಿ ಎಂದರೆ ಬಸ್ ನಿಲ್ದಾಣದಲ್ಲಿ ಸಿಗುವ ಸಾಮಾನ್ಯ ಜ್ಞಾನದ ಪುಸ್ತಕ ತಂದು ಉರು ಹೊಡೆಸುವುದು. ಗಂಟೆಯ ಬದಲಿಗೆ ಸ್ಟೀಲು ತಟ್ಟೆ, ಚಮಚ. ನಾಲ್ಕು ಜನ ಒಟ್ಟಿಗೆ ತಟ್ಟೆ ಬಡಿದರೆ ಮೊದಲು ಯಾರು ಬಡಿದರು ಎಂದು ಜಗಳ ಬಿಡಿಸುವುದರಲ್ಲೇ ಅರ್ಧ ಪೀರಿಯಡ್ಡು ಮುಗಿಯುತ್ತಿತ್ತು. ಆ ರೀತಿಯಲ್ಲಿ ನಾಲ್ಕು ವರ್ಷ ತಾಲ್ಲೂಕು ಮಟ್ಟವನ್ನೇ ದಾಟಲಿಲ್ಲ. ತಪ್ಪು ಮಕ್ಕಳದ್ದಲ್ಲ, ನನ್ನದು. ಉರು ಹೊಡೆದವರಿಗೆ ಪುಸ್ತಕದಲ್ಲಿ ಇದ್ದ ಹಾಗೆಯೇ ಕೇಳಿದರೆ ಮಾತ್ರ ಉತ್ತರ ಬರುತ್ತದೆ, ಪ್ರಶ್ನೆಯನ್ನು ತುಸು ತಿರುಗಿಸಿ ಕೇಳಿದರೆ ಬಾಯಿ ಕಟ್ಟುತ್ತದೆ.

ಅದಕ್ಕಿಂತ ದೊಡ್ಡ ತಪ್ಪನ್ನೂ ಮಾಡಿದೆ. ಅದನ್ನು ಮುಚ್ಚಿಟ್ಟು ಬೇರೆಯದನ್ನೆಲ್ಲ ಬರೆದರೆ ಈ ಬರಹಕ್ಕೆ ಬೆಲೆಯಿಲ್ಲ.

ಒಂಬತ್ತನೇ ತರಗತಿಯಲ್ಲಿ ಚಂದ್ರು ಎಂಬ ಹುಡುಗನಿದ್ದ. ವಿಪರೀತ ಉಗ್ಗು. ಹಾಜರಿ ಕೂಗುವಾಗ 'ಪ್ರೆಸೆಂಟ್' ಎನ್ನಲು ಒದ್ದಾಡುತ್ತಾನೆಂದು ಕೈಯೆತ್ತಿದರೆ ಸಾಕು ಎಂದಿದ್ದೆ. ಬರವಣಿಗೆಯಲ್ಲಿ ಅವನನ್ನು ಹಿಡಿಯುವವರಿಲ್ಲ. ಆ ವರ್ಷ ತಂಡ ಆರಿಸುವಾಗ ಲಿಖಿತ ಪರೀಕ್ಷೆಯಲ್ಲಿ ಅವನೇ ಮೊದಲು ಬಂದ. ಆದರೂ ಅವನನ್ನು ಬಿಟ್ಟೆ. ವೇದಿಕೆಯ ಮೇಲೆ ಮಕ್ಕಳು ನಗುತ್ತಾರೆ, ಹುಡುಗ ನೊಂದುಕೊಳ್ಳುತ್ತಾನೆ, ಅವನ ಒಳ್ಳೆಯದಕ್ಕೇ ಅಂತ ನನಗೆ ನಾನೇ ಹೇಳಿಕೊಂಡೆ. ನೋಡಲಿ ಎಂದು ಜೊತೆಯಲ್ಲಿ ಮಾತ್ರ ಕರೆದುಕೊಂಡು ಹೋದೆ.

ಮಳವಳ್ಳಿಯಲ್ಲಿ ತಾಲ್ಲೂಕು ಸ್ಪರ್ಧೆ. ಕೊನೆಯ ಪ್ರಶ್ನೆಗೆ ಬರುವಾಗ ಎರಡೂ ತಂಡಗಳು ಸಮ. "ರಕ್ತ ಹೆಪ್ಪುಗಟ್ಟಲು ಬೇಕಾದ ಜೀವಸತ್ವ ಯಾವುದು?" ನಮ್ಮವರು ಯಾರೂ ಗಂಟೆ ಒತ್ತಲಿಲ್ಲ. ಎದುರಿನವರು ಕೊನೆಯ ಗಳಿಗೆಯಲ್ಲಿ ಒತ್ತಿ, ಹೇಳಿ ಗೆದ್ದರು. ನನ್ನ ಪಕ್ಕದ ಬೆಂಚಿನಲ್ಲಿದ್ದ ಚಂದ್ರು ನನಗೆ ಅಂಗೈ ತೋರಿಸಿದ. ನೀಲಿ ಇಂಕಿನಲ್ಲಿ 'ಕೆ' ಎಂದು ಬರೆದುಕೊಂಡಿದ್ದ. ಒಂದೇ ಅಕ್ಷರ. ಅಷ್ಟನ್ನು ಹೇಳುವ ಅವಕಾಶವನ್ನೂ ನಾನು ಅವನಿಗೆ ಕೊಟ್ಟಿರಲಿಲ್ಲ.

ಬಸ್ಸಿನಲ್ಲಿ ಅವನ ಮುಖ ನೋಡಲಾಗಲಿಲ್ಲ. ಇಳಿಯುವಾಗ ಹೇಳಿದೆ, "ಮುಂದಿನ ವರ್ಷ ನೀನೇ ಮೊದಲನೇ ಹೆಸರು ಕಣೋ." ಅವನು ತಲೆಯಾಡಿಸಿದ. ನಂಬಿದ ಹಾಗೆ ಕಾಣಲಿಲ್ಲ.

ಮುಂದಿನ ವರ್ಷ ನಾಲ್ವರ ತಂಡ ಹೀಗಿತ್ತು. ಚಂದ್ರು. ಶಬಾನಾ, ಮಳವಳ್ಳಿಯಲ್ಲಿ ಪಂಪ್‌ಸೆಟ್ಟಿನ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಅಕ್ರಮ್ ಸಾಹೇಬರ ಮಗಳು. ಸಿದ್ದರಾಜು, ಲಾರಿ ಡ್ರೈವರನ ಮಗ. ಅಪ್ಪ ಯಾವ ಊರಿನಿಂದ ಫೋನು ಮಾಡಿದರೂ ಆ ಊರು ಯಾವ ನದಿಯ ದಡದಲ್ಲಿದೆ, ಅಲ್ಲಿ ಏನು ಬೆಳೆಯುತ್ತಾರೆ ಎಂದು ಕೇಳಿಕೊಳ್ಳದೆ ಫೋನು ಇಡುತ್ತಿರಲಿಲ್ಲ. ನಾಲ್ಕನೆಯವಳು ಲತಾ. ಬೋಂಡ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದುವ ಹುಡುಗಿ. ಆದರೆ ಗಂಟೆ ಒತ್ತುವಾಗ ಕೈ ಹಿಂಜರಿಯುತ್ತಿತ್ತು.

ಸ್ಟೀಲು ತಟ್ಟೆಯ ಕಥೆ ಮಗಳಿಂದ ಕೇಳಿ ಅಕ್ರಮ್ ಸಾಹೇಬರು ಒಂದು ದಿನ ಹಲಗೆಯೊಂದನ್ನು ಸೈಕಲ್ಲಿಗೆ ಕಟ್ಟಿಕೊಂಡು ಶಾಲೆಗೇ ಬಂದರು. ಹಲಗೆಯ ಮೇಲೆ ನಾಲ್ಕು ಕಾಲಿಂಗ್ ಬೆಲ್ ಸ್ವಿಚ್ಚು, ನಾಲ್ಕು ಬಲ್ಬು. "ಒತ್ತಿ ನೋಡಿ ಮೇಡಂ. ಯಾರು ಮೊದ್ಲು ಒತ್ತುದ್ರೋ ಅವ್ರ ಬಲ್ಬು ಮಾತ್ರ ಉರೀತದೆ, ಮಿಕ್ಕಿದ್ವು ಸತ್ತೋಯ್ತವೆ. ಇನ್ ಮ್ಯಾಲೆ ಜಗಳವೇ ಇಲ್ಲ."

ಆ ಹಲಗೆ ಬಂದ ಮೇಲೆ ನನಗೆ ಒಂದು ವಿಷಯ ಕಾಣಿಸಿತು. ಚಂದ್ರುವಿನ ಬಲ್ಬು ಯಾವಾಗಲೂ ನಾನು ಪ್ರಶ್ನೆ ಓದಿ ಮುಗಿಸುವ ಮೊದಲೇ ಹತ್ತುತ್ತಿತ್ತು. ನಮ್ಮ ಜಿಲ್ಲೆಯ ಸ್ಪರ್ಧೆಯಲ್ಲಿ ಒಂದು ಪದ್ಧತಿಯಿತ್ತು. ಗಂಟೆ ಒತ್ತಿದರೂ ಪ್ರಶ್ನೆಯನ್ನು ಪೂರ್ತಿ ಓದುತ್ತಿದ್ದರು. ಓದಿ ಮುಗಿದ ಐದು ಸೆಕೆಂಡಿನೊಳಗೆ, ಒತ್ತಿದವರೇ ಪಕ್ಕದವರನ್ನು ಕೇಳದೆ ಉತ್ತರ ಹೇಳಬೇಕು. ತಪ್ಪಾದರೆ ಅಂಕ ಕಳೆಯುತ್ತಾರೆ.

"ಯಾಕೋ ಇಷ್ಟು ಅವಸರ? ಪೂರ್ತಿ ಕೇಳಿಸಿಕೊಂಡು ಒತ್ತಬಾರದಾ?" ಎಂದು ಗದರಿದೆ.

ಚಂದ್ರು ನಿಧಾನಕ್ಕೆ ಹೇಳಿದ. "ಮಿಸ್, ನೀವು ಓ... ಓದಿ ಮುಗ್ಸೋ ಒತ್ಗೆ ನಾನು ಒ... ಒಳಗೇ ಒಂದ್ಸಲ ಯೋ... ಯೋಳ್ಕೊಬೋದು. ಆಮೇಲೆ ಬಾ... ಬಾಯಿಗೆ ಬತ್ತದೆ."

ಐದು ಸೆಕೆಂಡು ಅವನಿಗೆ ಸಾಲದು. ಅದಕ್ಕೇ ಅರ್ಧ ಪ್ರಶ್ನೆಯಲ್ಲೇ ಮಿಕ್ಕ ಅರ್ಧವನ್ನು ಊಹಿಸಿ ಗಂಟೆ ಒತ್ತಿ, ಉಳಿದ ಓದಿನ ಹೊತ್ತಿನಲ್ಲಿ ಮಾತನ್ನು ಒಳಗೇ ಹದ ಮಾಡಿಕೊಳ್ಳುತ್ತಿದ್ದ. ಬೇರೆ ದಾರಿಯಿಲ್ಲದೆ ಕಂಡುಕೊಂಡ ಉಪಾಯ. ಆದರೆ ಅದಕ್ಕಿಂತ ಒಳ್ಳೆಯ ತರಬೇತಿ ಯಾವ ಪುಸ್ತಕದಲ್ಲೂ ಇರಲಿಲ್ಲ.

ಆವತ್ತೇ ಉರು ಹೊಡೆಸುವುದನ್ನು ನಿಲ್ಲಿಸಿದೆ. ಅರ್ಧ ಪ್ರಶ್ನೆ ಓದಿ ಪುಸ್ತಕ ಮುಚ್ಚುತ್ತಿದ್ದೆ. ಉಳಿದ ಅರ್ಧ ಏನಿರಬಹುದು ಎಂದು ಮಕ್ಕಳೇ ಹೇಳಬೇಕು, ಯಾಕೆ ಎಂದೂ ಹೇಳಬೇಕು. ಮೊದಲ ತಿಂಗಳು ಬರೀ ತಪ್ಪು. ನಂಜೇಗೌಡರು ಕಿಟಕಿಯಲ್ಲಿ ಇಣುಕಿ, "ಏನಮ್ಮ ಇದು, ಕಣಿ ಯೋಳಿಸ್ತಾ ಇದ್ದೀಯಾ?" ಎಂದರು. ಮೂರನೆಯ ತಿಂಗಳಿಗೆ ನಾಲ್ವರೂ ಆರೇಳು ಪದ ಕೇಳಿ ಪ್ರಶ್ನೆಯ ಬಾಲ ಹಿಡಿಯುತ್ತಿದ್ದರು. ಆ ಸಲ ತಾಲ್ಲೂಕು ಗೆದ್ದೆವು.

ಜಿಲ್ಲಾ ಸ್ಪರ್ಧೆ ಮಂಡ್ಯದ ಒಂದು ಸಭಾಂಗಣದಲ್ಲಿ. ಅಂತಿಮ ಸುತ್ತಿಗೆ ಉಳಿದದ್ದು ನಾವು ಮತ್ತು ನಗರದ ಒಂದು ದೊಡ್ಡ ಶಾಲೆ. ಅವರ ಮಕ್ಕಳು ಕೋಟು ಹಾಕಿದ್ದರು. ನಮ್ಮ ಸಿದ್ದರಾಜು ಚಪ್ಪಲಿಯ ಕಿತ್ತ ಉಂಗುಷ್ಠಕ್ಕೆ ಪಿನ್ನು ಚುಚ್ಚಿಕೊಂಡಿದ್ದ. ಅಲ್ಲಿಯೂ ಪ್ರತಿ ಮಗುವಿನ ಮುಂದೆ ಒಂದು ಸ್ವಿಚ್ಚು, ಒಂದು ಬಲ್ಬು. ಪ್ರಶ್ನೆ ಕೇಳುವವರು ಒಬ್ಬ ನಿವೃತ್ತ ಉಪನ್ಯಾಸಕರು, ಬಿಗಿ ಮುಖದವರು.

ಮೊದಲ ಪ್ರಶ್ನೆ ಶಬಾನಾಳದ್ದಾಯಿತು. ಎರಡನೆಯದು, ಮೂರನೆಯದು ಸಿದ್ದರಾಜುವಿನದು. ನಾಲ್ಕನೆಯದಕ್ಕೆ ಚಂದ್ರುವಿನ ಬಲ್ಬು ಹತ್ತಿದಾಗ ನಾನು ಸೀರೆಯ ಸೆರಗನ್ನು ಕೈಯಲ್ಲಿ ಹಿಂಡುತ್ತಿದ್ದೆ. ಪ್ರಶ್ನೆ ಮುಗಿಯಿತು. ಒಂದು, ಎರಡು, ಮೂರು ಸೆಕೆಂಡು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಚಂದ್ರು ಕಣ್ಣು ಮುಚ್ಚಿಕೊಂಡು ಉತ್ತರವನ್ನು ಒಂದೇ ಉಸಿರಿಗೆ ಹೇಳಿಬಿಟ್ಟ. ಆಮೇಲೆ ಯಾರೂ ನಗಲಿಲ್ಲ.

ಹತ್ತು ದಾಟುವವರೆಗೂ ನಾನು ಎಣಿಸಿರಲಿಲ್ಲ. ಹನ್ನೆರಡನೆಯದಕ್ಕೆ ಸಭಾಂಗಣವೇ ಎಣಿಸತೊಡಗಿತು. ಎದುರು ತಂಡದ ಮಕ್ಕಳು ದಡ್ಡರಲ್ಲ, ಉತ್ತರ ಗೊತ್ತಿದ್ದು ಒತ್ತುವಷ್ಟರಲ್ಲಿ ನಮ್ಮ ಬಲ್ಬು ಹತ್ತಿರುತ್ತಿತ್ತು. ಹದಿನಾರು, ಹದಿನೇಳು. ಹತ್ತೊಂಬತ್ತನೆಯದನ್ನು ಚಂದ್ರು ಹೇಳಿದ. ಇಪ್ಪತ್ತನೆಯದನ್ನು ಲತಾ ಹೇಳಿದಳು. ಅಂಕದ ಹಾಳೆಯಲ್ಲಿ ಎದುರು ತಂಡದ ಸಾಲು ಖಾಲಿ. ನಮ್ಮ ಸಾಲಿನಲ್ಲಿ ನಾಲ್ಕು ಹೆಸರು, ನಾಲ್ಕರ ಮುಂದೆಯೂ ಐದು. ಕೋಟು ಹಾಕಿದ ಹುಡುಗರ ನಾಯಕ ಎದ್ದು ಬಂದು ಚಂದ್ರುವಿನ ಕೈ ಕುಲುಕಿದ.

ಚಪ್ಪಾಳೆ ನಿಲ್ಲುವ ಮೊದಲೇ ಸ್ಪರ್ಧೆಯ ಉಸ್ತುವಾರಿ ಹೊತ್ತಿದ್ದ ಅಧಿಕಾರಿ ನಮ್ಮನ್ನು ಪಕ್ಕದ ಕೋಣೆಗೆ ಕರೆದರು. ಬಹುಮಾನ ತಡೆಹಿಡಿದಿರುವುದಾಗಿ ಮೈಕಿನಲ್ಲಿ ಹೇಳಿಸಿದರು.

"ನಿಮಗೆ ಪ್ರಶ್ನೆಪತ್ರಿಕೆ ಎಲ್ಲಿ ಸಿಕ್ಕಿತು ಮೇಡಂ?" ಇದು ಅವರ ಮೊದಲ ಮಾತು.

"ಎಲ್ಲೂ ಸಿಕ್ಕಿಲ್ಲ ಸಾರ್."

"ಪ್ರಶ್ನೆ ಓದಿ ಮುಗಿಸುವ ಮುಂಚೆ ಗಂಟೆ ಒತ್ತುತ್ತಾರೆ. ಇಪ್ಪತ್ತಕ್ಕೆ ಇಪ್ಪತ್ತು. ಅದರಲ್ಲೂ ಒಬ್ಬೊಬ್ಬರಿಗೆ ಐದೈದು! ಉರು ಹೊಡೆಯಲು ಹಂಚಿಕೊಟ್ಟಿದ್ದೀರಿ ಅಂತ ಯಾರಿಗಾದರೂ ತಿಳಿಯುತ್ತದೆ. ಹಳ್ಳಿ ಶಾಲೆ, ಆಸೆಪಟ್ಟಿದ್ದೀರಿ, ಇರಲಿ. ಪ್ರಶ್ನೆ ಮೊದಲೇ ಗೊತ್ತಿತ್ತು ಅಂತ ಒಂದು ಸಾಲು ಬರೆದುಕೊಡಿ. ಮಕ್ಕಳ ಮೇಲೆ ಏನೂ ಕ್ರಮ ಆಗದಂತೆ ನಾನು ನೋಡಿಕೊಳ್ಳುತ್ತೇನೆ."

"ಬರೆದುಕೊಡುವುದಿಲ್ಲ."

"ಹಾಗಾದರೆ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ವಿಚಾರಿಸುತ್ತೇನೆ. ನೀವು ಹೊರಗಿರಿ."

"ವಿಚಾರಿಸಿ. ನಾನು ಮಾತ್ರ ಹೊರಗೆ ಹೋಗುವುದಿಲ್ಲ" ಎಂದು ಗೋಡೆಗೆ ಒರಗಿ ನಿಂತೆ. ಮೊದಲು ಕರೆದದ್ದು ಚಂದ್ರುವನ್ನು. ಅವನ ಉಗ್ಗನ್ನು ಗಮನಿಸಿಯೇ ಕರೆದರು ಎಂದು ಈಗಲೂ ನನ್ನ ಅನುಮಾನ.

"ಆರನೇ ಪ್ರಶ್ನೆಗೆ ನೀನು ಹೇಳಿದ ಉತ್ತರ ಏನು? ಅದರ ಬಗ್ಗೆ ಬೇರೆ ಏನು ಗೊತ್ತು, ಹೇಳು."

"ಪ... ಪ..." ಅಂದ ಚಂದ್ರು. ಅಲ್ಲಿಗೇ ನಿಂತಿತು. ಗಂಟಲಿನ ನರ ಉಬ್ಬಿತು, ಕಣ್ಣಲ್ಲಿ ನೀರು ಬಂತು. ಅಧಿಕಾರಿ ಪೆನ್ನು ತೆಗೆದು 'ಉತ್ತರಿಸಲಿಲ್ಲ' ಎಂದು ಬರೆಯಲು ಶುರುಮಾಡಿದರು.

ನಾನು ಹೋಗಿ ಆ ಕಾಗದದ ಮೇಲೆ ಕೈಯಿಟ್ಟೆ. ಮೇಲಧಿಕಾರಿಯ ಕಾಗದದ ಮೇಲೆ ಕೈಯಿಟ್ಟದ್ದು ಅದೇ ಮೊದಲು. "ಪೆನ್ನು ಕೆಳಗಿಡಿ ಸಾರ್. ಹುಡುಗ ಇನ್ನೂ ಹೇಳ್ತಾ ಇದ್ದಾನೆ."

"ಎಷ್ಟು ಹೊತ್ತು ಕಾಯಬೇಕು ಮೇಡಂ?"

"ಅವನು ಮುಗಿಸುವ ತನಕ."

ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಆಮೇಲೆ ಬಂತು: "ಪತ್ರಹರಿತ್ತು. ಅದ್ರ ಮ... ಮಧ್ಯದಲ್ಲಿ ಮೆಗ್ನೀಸಿಯಂ ಇರ್ತದೆ ಸಾರ್. ನ... ನಮ್ ರಕ್ತದಲ್ಲಾದ್ರೆ ಆ ಜಾ... ಜಾಗದಲ್ಲಿ ಕಬ್ಬಿಣ. ಅದ್ಕೇ ಎಲೆ ಅಸುರು, ರಕ್ತ ಕೆಂ... ಕೆಂಪು."

ಅಷ್ಟು ವಿವರ ಪ್ರಶ್ನೆಪತ್ರಿಕೆಯಲ್ಲಿ ಇರಲೇ ಇಲ್ಲ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಉಪನ್ಯಾಸಕರು ಒಳಗೆ ಬಂದರು. "ಪ್ರಶ್ನೆಗಳನ್ನು ನಾನೇ ಬರೆದದ್ದು. ವೇದಿಕೆಗೆ ಹೋಗುವವರೆಗೂ ನನ್ನ ಜೇಬಿನಲ್ಲೇ ಇದ್ದವು. ನೀವು ಇವರನ್ನು ಕಳ್ಳರು ಎಂದರೆ ನನ್ನನ್ನೂ ಎಂದ ಹಾಗೆ" ಎಂದರು.

ಅಧಿಕಾರಿ ಆಗಲೂ ಬಗ್ಗಲಿಲ್ಲ. ಆಗ ನಾನೇ ಹೇಳಿದೆ, "ಮೀಸಲು ಪ್ರಶ್ನೆಗಳ ಲಕೋಟೆ ಇದೆಯಲ್ಲ ಸಾರ್, ಮೊಹರು ಹಾಕಿದ್ದು. ಎಲ್ಲರೆದುರಿಗೆ ಒಡೆಯಿರಿ. ಇದೇ ಎರಡು ತಂಡಗಳಿಗೆ ಇನ್ನೊಮ್ಮೆ ಇಪ್ಪತ್ತು ಪ್ರಶ್ನೆ ಕೇಳಿ."

ಕೇಳಿದರು. ನಮ್ಮವರು ಹದಿಮೂರು ಹೇಳಿದರು, ಎದುರಿನವರು ಐದು. ಎರಡಕ್ಕೆ ಯಾರೂ ಒತ್ತಲಿಲ್ಲ. ಗೆದ್ದದ್ದು ನಾವೇ. ಅಧಿಕಾರಿಗೆ ಮಾತ್ರ ಹಿಡಿಯಲು ಒಂದು ಎಳೆ ಸಿಕ್ಕಿತು. "ಈಗ ಹದಿಮೂರೇ ಯಾಕೆ? ಆ ಇಪ್ಪತ್ತು ಎಲ್ಲಿ ಹೋಯಿತು?"

ಸಿದ್ದರಾಜು ಥಟ್ಟನೆ ಹೇಳಿದ, "ದಿನಾಲೂ ಆಗೋದಾದ್ರೆ ಅದ್ರಲ್ಲೇನು ಇಸೇಸ ಸಾರ್?"

ಅಂಕದ ಹಾಳೆಯನ್ನು ಹೊಸದಾಗಿ ಬರೆಸಿದರು. ಮೊದಲ ಸುತ್ತಿಗೆ ಅಡ್ಡಗೆರೆ ಎಳೆದು 'ರದ್ದು' ಎಂದರು. ರಾಜ್ಯ ಮಟ್ಟಕ್ಕೆ ಹೋಗಬೇಕಾದರೆ ಆ ಹಾಳೆಗೆ ನನ್ನ ಸಹಿ ಬೇಕು. ಸಹಿ ಹಾಕಿದರೆ ಮಕ್ಕಳು ಕಳ್ಳತನ ಮಾಡಿದರೆಂದು ಒಪ್ಪಿದಂತೆ. ಹಾಕದಿದ್ದರೆ ಬೆಂಗಳೂರಿಗೆ ಹೋಗುವುದು ತಪ್ಪುತ್ತದೆ. ನಾಲ್ವರನ್ನೂ ಹೊರಗೆ ಕರೆದು ಇದ್ದದ್ದನ್ನು ಇದ್ದಂತೆ ಹೇಳಿದೆ.

ಲತಾ ಅಳುತ್ತಿದ್ದಳು. ಶಬಾನಾ ಹೇಳಿದಳು, "ಸೈನ್ ಆಕಿ ಮಿಸ್. ಆದ್ರೆ ನಿಜ ಏನು ಅಂತ್ಲೂ ಅದ್ರಲ್ಲೇ ಬರೀರಿ. ಬರೀಬಾರ್ದು ಅಂತ ಯಾರೂ ಯೋಳಿಲ್ವಲ್ಲ."

ಹಾಗೇ ಮಾಡಿದೆ. ನನ್ನ ಸಹಿಯ ಮೇಲೆ ಪೆನ್ನು ಒತ್ತಿ ಒತ್ತಿ ಬರೆದೆ: 'ಮೊದಲ ಸುತ್ತಿನಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ಪ್ರಾಮಾಣಿಕವಾಗಿ ಬಂದದ್ದು. ಅದನ್ನು ರದ್ದು ಮಾಡಿರುವುದು ಅನ್ಯಾಯ. ಇದಕ್ಕೆ ನನ್ನ ಒಪ್ಪಿಗೆ ಇಲ್ಲ.' ಉಪನ್ಯಾಸಕರು ಪೆನ್ನು ಕೇಳಿ ಪಡೆದು ಕೆಳಗೆ ತಮ್ಮ ಸಹಿಯನ್ನೂ ಹಾಕಿದರು. ಅಧಿಕಾರಿಯ ಮುಖ ಕಪ್ಪಿಟ್ಟಿತು.

ಹದಿನೈದು ದಿನಕ್ಕೆ ನನಗೆ ಕಾರಣ ಕೇಳುವ ನೋಟಿಸು ಬಂತು. ಅಶಿಸ್ತು, ದಾಖಲೆ ವಿರೂಪಗೊಳಿಸಿದ್ದು, ಇನ್ನೂ ಏನೇನೋ. ನಂಜೇಗೌಡರು ಅದನ್ನು ಎರಡು ಸಲ ಓದಿದರು. ಕ್ಷಮಾಪಣೆ ಬರೆದುಕೊಡು ಎನ್ನುತ್ತಾರೆಂದು ಕಾದೆ.

"ಆ ಹುಡ್ಗ ನಿಜವಾಗ್ಲೂ ಮೆಗ್ನೀಸಿಯಂ ಅಂದ್ನಾ?" ಎಂದು ಕೇಳಿದರು.

"ಅಂದ ಸಾರ್."

"ಅಂಗಾದ್ರೆ ಕ್ಷಮೆ ಗಿಮೆ ಅಂತ ಒಂದಕ್ಸರ ಬರೀಬೇಡ ಕಣಮ್ಮ. ನಡುದಿದ್ನ ನಡುದಂಗೆ ಬರಿ. ಕೆಳಗೆ ನಾನೂ ಸೈನ್ ಆಕ್ತೀನಿ. ಕಾನ್ವೆಂಟ್ ಹುಡುಗ್ರ ಆಟ ಅಂದಿದ್ನಲ್ಲ, ಅದು ನನ್ ತಪ್ಪು."

ಹಾಗೇ ಬರೆದೆವು. ಆ ಮೇಲೆ ಸನ್ಮಾನದ ಪಟ್ಟಿಗೆ ನನ್ನ ಹೆಸರು ಹೋದಾಗಲೆಲ್ಲ ಆ ಹಳೆಯ ಕಡತ ಎದ್ದು ಬರುತ್ತಿತ್ತು. ಬರಲಿ. ಮೊದಲ ಸುತ್ತಿನ ಅಂಕ ಮರಳಿ ಸೇರಿಸಿ ಎಂದು ವರ್ಷಕ್ಕೊಂದು ಅರ್ಜಿ ಹಾಕಿದೆ, ನಿವೃತ್ತಿಯ ವರ್ಷದವರೆಗೂ ಬಿಡಲಿಲ್ಲ. ಒಂದಕ್ಕೂ ಉತ್ತರ ಬರಲಿಲ್ಲ. ರಾಜ್ಯ ಮಟ್ಟದಲ್ಲಿ ನಮ್ಮ ಮಕ್ಕಳು ಮೊದಲ ಸುತ್ತಿನಲ್ಲೇ ಸೋತರು ಎಂಬುದನ್ನೂ ಮುಚ್ಚಿಡುವುದಿಲ್ಲ. ಅಲ್ಲಿ ಗಂಟೆ ಒತ್ತಿದ ಕೂಡಲೇ ಓದುವುದನ್ನು ನಿಲ್ಲಿಸುತ್ತಿದ್ದರು. ಚಂದ್ರುವಿಗೆ ಹೊತ್ತು ಸಾಲಲಿಲ್ಲ, ಆದರೂ ಪ್ರತಿ ಸಲವೂ ಒತ್ತಿದ.

ಈಗ ಮೊಬೈಲಿನಲ್ಲೇ ಗಂಟೆಯ ಆ್ಯಪ್ ಇದೆ, ಪ್ರಶ್ನೆ ಗೋಡೆಯ ಮೇಲೆ ಬೆಳಗುತ್ತದೆ. ಒಳ್ಳೆಯದೇ. ಯಾವ ಸಲಕರಣೆಯಾದರೂ ಇರಲಿ, ಮಾತನಾಡಲು ಹೊತ್ತು ಬೇಕಾದ ಮಗುವನ್ನು ಬೆಂಚಿನ ಮೇಲೆ ಕೂರಿಸಬೇಡಿ. ನಿಯಮ ಅಡ್ಡ ಬಂದರೆ ನಿಯಮ ಮಾಡಿದವರೊಡನೆ ಜಗಳವಾಡಿ. ನಿಮ್ಮ ಕೆಲಸದಲ್ಲಿ ಅದೂ ಸೇರಿದೆ.

ಹೋದ ತಿಂಗಳು ಶಬಾನಾ ಮದ್ದೂರಿನ ನನ್ನ ಮನೆಗೆ ಬಂದಿದ್ದಳು. ಈಗ ವಿದ್ಯುತ್ ಇಲಾಖೆಯಲ್ಲಿ ಇಂಜಿನಿಯರು. ಚಂದ್ರು ಬಸರಾಳು ಕಡೆ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಾನೆ, ಈಗಲೂ ಉಗ್ಗುತ್ತಾನೆ, ವಿದ್ಯಾರ್ಥಿಗಳು ಕಾಯುತ್ತಾರೆ ಎಂದಳು. ನಾನು ಇದನ್ನೆಲ್ಲ ಬರೆಯುತ್ತಿರುವುದಾಗಿ ಹೇಳಿದೆ. ಅವಳು ಕಾಫಿ ಲೋಟ ಕೆಳಗಿಟ್ಟಳು.

"ಮಿಸ್, ಆವತ್ತು ಆ ಆಫೀಸರು ಯೋಳಿದ್ರಲ್ಲಿ ಒಂದು ಮಾತು ನಿಜ. ಐದೈದು ಅನ್ನೋದು ತಾನಾಗೇ ಬಂದದ್ದಲ್ಲ."

ನಾನು ಕುರ್ಚಿ ಹತ್ತಿರ ಎಳೆದುಕೊಂಡೆ. "ಏನು ಹಾಗಂದ್ರೆ?"

"ಇಪ್ಪತ್ನೇ ಪ್ರಶ್ನೆ ಏನು ಅಂತ ನೆನಪದಾ? ಒಂದು ಅಶ್ವಶಕ್ತಿ ಅಂದ್ರೆ ಎಷ್ಟು ವ್ಯಾಟ್ ಅಂತ. ನಮ್ಮಪ್ಪನ ಅಂಗಡೀಲಿ ಬೆಳುದೋಳು ನಾನು, ನಂಗೊತ್ತಿರಲ್ವಾ? ಅಶ್ವಶಕ್ತಿ ಅಂದೇಟ್ಗೇ ಗೊತ್ತಾಯ್ತು. ನಂದು ಐದಾಗಿತ್ತು, ಲತಂದು ನಾಕೇ ಇತ್ತು. ಬೆಳಿಗ್ಗೆ ಬಸ್ಸಲ್ಲಿ ಅವ್ಳು, 'ನಾನು ಸುಮ್ನೆ ನಾಕ್ನೇಯವ್ಳು, ಲೆಕ್ಕ ತುಂಬ್ಸೋಕೆ ಬಂದಿವ್ನಿ' ಅಂತ ಮುಖ ಸಣ್ಣ ಮಾಡ್ಕೊಂಡಿದ್ಲು. ಅದ್ಕೆ ಕೈನ ಸ್ವಿಚ್ಚಿಂದ ತಗ್ದು ಮಡಿಲಲ್ಲಿ ಇಟ್ಕೊಂಡೆ."

"ಎದುರು ತಂಡದವರು ಒತ್ತಿಬಿಟ್ಟಿದ್ದರೆ?"

"ಒತ್ತುದ್ರೆ ಒತ್ಲಿ ಅಂತ ಬುಟ್ಟೆ ಮಿಸ್. ಅವ್ಳು ಒತ್ತುದ್ಲು."

ಅವಳು ಹೋದ ಮೇಲೆ ಈ ಹಾಳೆಗಳನ್ನು ಮತ್ತೆ ತೆಗೆದೆ. ಆವತ್ತು ಆ ಕೋಣೆಯಲ್ಲಿ ಇದು ನನಗೆ ಗೊತ್ತಿದ್ದಿದ್ದರೆ ಏನು ಹೇಳುತ್ತಿದ್ದೆ ಎಂದು ಯೋಚಿಸಿದೆ. ಹಂಚಿಕೊಂಡಿಲ್ಲ ಎಂದು ಸಾಧಿಸುತ್ತಿರಲಿಲ್ಲ. ಆ ಅಧಿಕಾರಿ ಎಲ್ಲಾದರೂ ಇದನ್ನು ಓದುತ್ತಿದ್ದರೆ, ಉತ್ತರ ಈಗ ಕೊಡುತ್ತೇನೆ. ಹೌದು ಸ್ವಾಮಿ, ನಮ್ಮ ಮಕ್ಕಳು ಹಂಚಿಕೊಂಡರು. ನಿಮ್ಮ ಕಣ್ಣೆದುರಿಗೇ, ವೇದಿಕೆಯ ಮೇಲೆ ಹಂಚಿಕೊಂಡರು. ಅದನ್ನೂ ಬೇಕಾದರೆ ರದ್ದು ಮಾಡಿ ನೋಡಿ.